ಗೆಳೆಯನಿಗೊಂದು ಪತ್ರ: ನಿನ್ನ ಕರಡಿನ ಕೆಲವು ಮಾತುಗಳ ಬಗ್ಗೆ

ಗೆಳೆಯಾ,

ಆತ್ಮಹತ್ಯೆಯ ಬಗ್ಗೆ ನೀನು ಬರೆದ ಲೇಖನದ ಕರಡು ಓದಿದೆ. ಹೇಳಹೊರಟ ವಿಷಯದ ಬಗ್ಗೆ ತಕರಾರಿಲ್ಲ, ಕೆಲವು ಮಾತುಗಳ ಬಗ್ಗೆ ಇದೆ.

ಮೊದಲನೆಯದು ತಲೆಬರಹದಲ್ಲೇ ಕೂತಿದೆ: 'ಆತ್ಮಹತ್ಯೆಗೆ ಶರಣು'. ಪತ್ರಿಕೆಗಳಲ್ಲಿ ಓದಿ ಓದಿ ನಮಗದು ಸವೆದುಹೋಗಿದೆ. ಆದರೆ ಕನ್ನಡದಲ್ಲಿ ನಾವು ಶರಣು ಹೋಗುವುದು ಕಾಯುವವರ ಬಳಿಗೆ. ಸಾವಿಗೆ ಶರಣಾದ ಅಂದರೆ ಸಾವನ್ನೇ ಆಸರೆಯಾಗಿ ತೋರಿಸಿದ ಹಾಗೆ. ಸಂಕಟದಲ್ಲಿರುವ ಓದುಗನಿಗೆ ಅದು ಹಾಗೇ ಕೇಳಿಸಬಹುದು. 'ನೋವಿನಿಂದ ಮುಕ್ತಿ', 'ಕೊನೆಗೂ ನೆಮ್ಮದಿ' ಕೂಡ ಅದೇ ಜಾತಿಯವು. ಲೇಖನದೊಳಗೆ 'ಆತ್ಮಹತ್ಯೆಯಿಂದ ತೀರಿಕೊಂಡರು' ಎಂದು ಬರೆ. ಸಪ್ಪೆ ಅನ್ನಿಸುತ್ತದೆ, ಇಲ್ಲಿ ಸಪ್ಪೆಯೇ ಒಳ್ಳೆಯದು. 'ಹತ್ಯೆ'ಯಲ್ಲೇ ಅಪರಾಧದ ವಾಸನೆ ಇದೆಯಲ್ಲ ಅಂತ ನೀನು ಕೇಳುತ್ತೀಯ. ಇದೆ. ಆದರೂ ಎಲ್ಲರಿಗೂ ತಟ್ಟನೆ ತಿಳಿಯುವ ಪದ ಅದೇ. ಅದನ್ನು ತಪ್ಪಿಸಲು 'ದುಡುಕಿನ ನಿರ್ಧಾರ' ಅಂತ ಬರೆದರೆ ತೀರ್ಪು ಇನ್ನೂ ಜೋರಾಗುತ್ತದೆ.

'ವಿಫಲ ಯತ್ನ' ಬೇಡ. ಬದುಕಿದ್ದು ವೈಫಲ್ಯವಾದರೆ ಸತ್ತಿದ್ದರೆ ಯಶಸ್ಸೇ? 'ಯತ್ನಿಸಿದ್ದರು, ಬದುಕುಳಿದರು' ಸಾಕು. 'ಗಮನ ಸೆಳೆಯಲು ಮಾಡಿದ್ದು' ಎಂಬ ಸಾಲನ್ನು ಪೂರ್ತಿ ಹೊಡೆದುಹಾಕು. ಹಿಂದೊಮ್ಮೆ ಯತ್ನಿಸಿರುವುದು ಮುಂದಿನ ಅಪಾಯದ ಅತಿ ದೊಡ್ಡ ಸೂಚನೆಗಳಲ್ಲಿ ಒಂದು. ಸಾಯುವ ಉದ್ದೇಶವಿಲ್ಲದೆ ಮೈಗೆ ಗಾಯ ಮಾಡಿಕೊಳ್ಳುವುದು ಬೇರೆ, ಅದನ್ನು 'ಸ್ವಯಂ ಹಾನಿ' ಎನ್ನು. ಅದೂ ಹಗುರವಾಗಿ ನೋಡುವಂಥದ್ದಲ್ಲ.

ಇನ್ನು 'ಫೇಲಾಗಿದ್ದಕ್ಕೆ', 'ಅಪ್ಪ ಬೈದಿದ್ದಕ್ಕೆ'. ಈ ಒಂದು 'ಕ್ಕೆ' ಎಷ್ಟು ಅನಾಹುತ ಮಾಡುತ್ತದೆ ನೋಡು! ಖಿನ್ನತೆ, ಸಾಲ, ಕುಡಿತ, ದೀರ್ಘ ಕಾಯಿಲೆ, ಒಂಟಿತನ, ಹೀಗೆ ಹಲವು ಸೇರಿಕೊಂಡ ಸಂಕಟವನ್ನು ಅದು ಒಂದೇ ಗಳಿಗೆಗೆ ಕಟ್ಟಿಹಾಕುತ್ತದೆ. ಮನೆಯವರ ಮೇಲೆ ಜನ್ಮವಿಡೀ ಹೊರುವ ಅಪವಾದ ಹೊರಿಸುತ್ತದೆ. ಫೇಲಾದ ಇನ್ನೊಬ್ಬ ಹುಡುಗನಿಗೆ ಇದೂ ಒಂದು ದಾರಿ ಎಂದು ಸೂಚಿಸುತ್ತದೆ.

ವಿಧಾನ, ಸ್ಥಳ, ಬರೆದಿಟ್ಟ ಪತ್ರದ ಸಾಲುಗಳು, ಮೂರನ್ನೂ ತೆಗೆ. ವಿಶ್ವ ಆರೋಗ್ಯ ಸಂಸ್ಥೆ 2000ದಿಂದಲೂ ಪತ್ರಕರ್ತರಿಗೆ ಹೇಳುತ್ತಿರುವುದು ಇದನ್ನೇ. ತಲೆಬರಹದಲ್ಲಿ 'ಆತ್ಮಹತ್ಯೆ' ಪದವೇ ಬೇಡ ಎನ್ನುತ್ತದೆ ಅದು. ವಿಯೆನ್ನಾದಲ್ಲಿ 1987ರಲ್ಲಿ ಪತ್ರಿಕೆಗಳು ಮೆಟ್ರೊ ಆತ್ಮಹತ್ಯೆಗಳ ರೋಚಕ ವರದಿ ನಿಲ್ಲಿಸಿದ ಮೇಲೆ ಅಂಥ ಸಾವುಗಳು ಬಹಳಷ್ಟು ಇಳಿದವು. ಬಿಕ್ಕಟ್ಟು ದಾಟಿ ಬಂದವರ ಕಥೆಗೆ ಕಾಪಾಡುವ ಗುಣವಿದೆ ಎನ್ನುವುದೂ ಸಂಶೋಧನೆಗಳಲ್ಲಿ ಕಂಡಿದೆ. ನಿನ್ನ ಮೂರನೇ ಪುಟದಲ್ಲಿ ಅಂಥದ್ದೊಂದಿದೆ, ಅದನ್ನು ಮೇಲಕ್ಕೆ ತಾ.

ಕೊನೆಯ ಭಾಗದಲ್ಲಿ 'ಆ ಮಾತೆತ್ತಿದರೆ ಯೋಚನೆ ಬಿತ್ತಿದಂತೆ' ಎಂದಿದ್ದೀಯ. ಅದು ತಪ್ಪು. ನೇರವಾಗಿ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ, ಎಷ್ಟೋ ಮಂದಿಗೆ ಎದೆಭಾರ ಇಳಿಯುತ್ತದೆ. ಕೇಳುವ ರೀತಿ ಮುಖ್ಯ. 'ಅಂಥದ್ದೇನೂ ಯೋಚಿಸ್ತಿಲ್ಲ ತಾನೇ?' ಅಂದರೆ 'ಇಲ್ಲ' ಎಂಬ ಉತ್ತರವನ್ನು ನಾವೇ ಬಾಯಿಗೆ ಹಾಕಿದಂತೆ. 'ಸಾಯಬೇಕು ಅನ್ನಿಸ್ತಿದೆಯಾ?' ಎಂದು ಕೇಳಿ ಸುಮ್ಮನಿರಬೇಕು. 'ಹೌದು' ಎಂದರೆ ವಾದ ಬೇಡ, ಬುದ್ಧಿವಾದವೂ ಬೇಡ. ಹೇಗೆ, ಯಾವಾಗ ಅಂತ ಯೋಚಿಸಿದ್ದಾರೆಯೇ ಎಂದು ಕೇಳಬೇಕು. ಯೋಚಿಸಿದ್ದರೆ ಅವರನ್ನು ಒಬ್ಬರೇ ಬಿಡಬಾರದು, ಅಪಾಯದ ವಸ್ತುಗಳನ್ನು ದೂರವಿರಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು. 'ಯಾರಿಗೂ ಹೇಳಬೇಡ' ಅಂದರೆ ಆ ಮಾತು ಕೊಡಬಾರದು.

ಲೇಖನದ ಅಡಿಯಲ್ಲಿ ಸಹಾಯವಾಣಿ ಇರಲಿ. ಭಾರತದಲ್ಲಾದರೆ ಟೆಲಿ ಮಾನಸ್, 14416, ಉಚಿತ, ದಿನದ 24 ಗಂಟೆ. ಸಣ್ಣಕ್ಷರದಲ್ಲಿ ಹಾಕಬೇಡ.

ನಿನ್ನ ಗೆಳತಿ