ಪುಟ್ಟಿಗೆ, ಆಪರೇಷನ್‌ಗೆ ಮುಂಚೆ

ಪುಟ್ಟಿ,

ನಿನ್ನೆ ಫೋನಿನಲ್ಲಿ ಹಾಗೆ ಕೂಗಾಡಬಾರದಿತ್ತು. ಆದರೆ "ಕಾಲಿನ ಬೈಪಾಸ್ ಆಪರೇಷನ್ ಮುಂದಕ್ಕೆ ಹಾಕು, ಜೀನ್ ಥೆರಪಿ ಟ್ರಯಲ್‌ಗೆ ಸೇರ್ಕೋ ಅಪ್ಪಾ" ಅಂತ ನೀನು ಅಂದಾಗ ಹೇಳಬೇಕಾದ್ದು ಬಾಯಿಗೇ ಬರಲಿಲ್ಲ. ಬರೆದರೆ ಬರಬಹುದು.

ನೀನು ಕಳಿಸಿದ್ದನ್ನೆಲ್ಲ ಓದಿದೆ. ಬ್ಯಾಂಕ್ ಕೆಲಸದ ಹುಡುಗಿ ಇಷ್ಟೆಲ್ಲ ತಿಳ್ಕೊಂಡಿದ್ದಾಳಲ್ಲ ಅಂತ ಪಕ್ಕದ ಮನೆಯವರ ಹತ್ತಿರವೂ ಹೇಳಿಕೊಂಡೆ. ಆ ಥೆರಪಿಯಲ್ಲಿ ಮೀನಖಂಡಕ್ಕೆ ಇಂಜೆಕ್ಷನ್ ಕೊಡ್ತಾರೆ, ಅದರಲ್ಲಿ ಉಂಗುರದಂಥ ಡಿಎನ್ಎ ಇರುತ್ತೆ, ಅದರಿಂದ ಸ್ನಾಯುವೇ ಪ್ರೋಟೀನ್ ತಯಾರಿಸಿ ಸಣ್ಣ ರಕ್ತನಾಳ ಚಿಗುರಿಸುತ್ತೆ. ಸರಿ. ಆದರೆ ತೊಡೆಯ ದೊಡ್ಡ ನಾಳ ಕಟ್ಟಿಕೊಂಡಿರುವುದು ಹಾಗೇ ಉಳಿಯುತ್ತಲ್ವಾ?

ಆ 71 ವರ್ಷದ ರೋಗಿಯ ವಿಷಯ ನನ್ನ ತಲೆಯಿಂದ ಹೋಗ್ತಿಲ್ಲ. 1996ರಲ್ಲಿ ಅಮೆರಿಕದ ಡಾಕ್ಟರ್ ಜೆಫ್ರಿ ಇಸ್ನರ್ ಅವರ ತಂಡ ವರದಿ ಮಾಡಿದ್ದು. ರಕ್ತನಾಳ ಬೆಳೆಸುವ ವಿಇಜಿಎಫ್ ಅನ್ನೋ ಪ್ರೋಟೀನಿನ ಜೀನನ್ನು ನಾಳ ಹಿಗ್ಗಿಸೋ ಬಲೂನಿಗೆ ಸವರಿ ನಾಳದೊಳಗೆ ಕಳಿಸಿದರು. ನಾಲ್ಕು ವಾರಕ್ಕೆ ಎಕ್ಸ್‌ರೇಯಲ್ಲಿ ಹೊಸ ನಾಳಗಳು ಕಂಡವು. ಎಲ್ಲರೂ ಎಷ್ಟು ಖುಷಿಪಟ್ಟಿರಬೇಕು! ಆದರೂ ಕೊನೆಗೆ ಕಾಲು ತೆಗೆಯಬೇಕಾಯಿತು. ಚಿತ್ರದಲ್ಲಿ ನಾಳ ಇದೆ, ಕಾಲಿಲ್ಲ. ಆ ರೋಗಿಯ ಮಕ್ಕಳಿಗೆ ಡಾಕ್ಟರು ಏನು ಹೇಳಿರಬಹುದು? ರಾತ್ರಿ ನೋವಿಗೆ ಕಾಲು ಮಂಚದಿಂದ ಇಳಿಬಿಟ್ಟು ಕೂತಾಗ ಅದೇ ಯೋಚನೆ. ಇದು ನಿಂಗೆ ಅತಿ ಅನ್ನಿಸಬಹುದು. ಅನ್ನಿಸಲಿ.

ಆಮೇಲಿನದೂ ಅಷ್ಟೇ. ಎಫ್‌ಜಿಎಫ್ ಅನ್ನೋ ಅಂಥದ್ದೇ ಇನ್ನೊಂದು ಪ್ರೋಟೀನಿನ ಜೀನಿನ ಸಣ್ಣ ಟ್ರಯಲ್‌ನಲ್ಲಿ ಕಾಲು ಉಳಿದವರು ಜಾಸ್ತಿ ಅಂತ ಕಂಡಿತು. 30 ದೇಶಗಳ 525 ಜನರ ಮೇಲೆ ದೊಡ್ಡ ಟ್ರಯಲ್ ಮಾಡಿ 2011ರಲ್ಲಿ ಪ್ರಕಟಿಸಿದಾಗ, ಜೀನ್ ಕೊಟ್ಟವರಿಗೂ ಬರೀ ನೀರಿನಂಥ ಇಂಜೆಕ್ಷನ್ ಕೊಟ್ಟವರಿಗೂ ವ್ಯತ್ಯಾಸವೇ ಇರಲಿಲ್ಲ. ಎರಡೂ ಕಡೆ ವರ್ಷದೊಳಗೆ ಹೆಚ್ಚುಕಡಿಮೆ ಮೂರರಲ್ಲೊಬ್ಬರು ಕಾಲು ಕಳೆದುಕೊಂಡರು ಇಲ್ಲವೇ ತೀರಿಕೊಂಡರು. ಜಪಾನಿನಲ್ಲಿ 2019ರಲ್ಲಿ ಷರತ್ತಿನ ಮೇಲೆ ಒಪ್ಪಿದ ಎಚ್‌ಜಿಎಫ್ ಅನ್ನೋ ಮತ್ತೊಂದು ಪ್ರೋಟೀನಿನ ಜೀನ್ ಔಷಧಿಯನ್ನೂ 2024ರಲ್ಲಿ ಹಿಂದಕ್ಕೆ ತಗೊಂಡರು. ಇದನ್ನೆಲ್ಲ ನಂಬಿ ನಾನು ಕಾಯುತ್ತಾ ಕೂತರೆ ಕಾಲಿನ ಹೆಬ್ಬೆರಳಿನ ಹುಣ್ಣು ಕಾಯುತ್ತದಾ? ಕಟ್ಟಿದ ಜಾಗ ದಾಟಿಸಿ ಹೊಲಿಯೋಕೆ ನನ್ನ ಕಾಲಲ್ಲೇ ಒಳ್ಳೆ ರಕ್ತನಾಳ ಇದೆಯಂತೆ. ಅದಿರುವಾಗ ಬೈಪಾಸೇ ಆಗಲಿ.

ನಿನ್ನದೂ ಒಂದಿದೆ. ನನ್ನ ಸಕ್ಕರೆ ಕಾಯಿಲೆ ನಿನಗೂ ಬರಬಹುದು. ಸಕ್ಕರೆ, ಬಿಪಿ, ಕೊಲೆಸ್ಟರಾಲ್ ವರ್ಷವರ್ಷ ನೋಡಿಸು. ನಡೆಯುವಾಗ ಮೀನಖಂಡ ಹಿಡಿದು, ನಿಂತರೆ ಬಿಡುತ್ತಾ? ಅದನ್ನು ಸುಸ್ತು ಅಂತ ಸುಮ್ನೆ ಬಿಡಬೇಡ. ಕಾಲಿನ ಬಿಪಿಯನ್ನು ಕೈಯದರಿಂದ ಭಾಗಿಸಿ ನೋಡ್ತಾರೆ, 0.9ಕ್ಕಿಂತ ಕಡಿಮೆ ಬಂದರೆ ತೊಂದರೆ ಇದೆ ಅಂತ. ನೋವೇ ಇಲ್ಲದ ಪರೀಕ್ಷೆ. ದಿನಾ ನಡಿ. ಭಾಷಣ ಆಯ್ತು, ಗೊತ್ತು.

ಸೋಮವಾರ ಬರುವಾಗ ಆ ಟ್ರಯಲ್ ಕಾಗದಗಳನ್ನು ತಂದಿರು. ಬೈಪಾಸ್ ಆದಮೇಲೂ ಹುಣ್ಣು ಮಾಯದಿದ್ದರೆ ಆಗ ಸೇರಬಹುದಾ ಅಂತ ಡಾಕ್ಟರನ್ನು ನೀನೇ ಕೇಳು. ನಾನು ಕೇಳಿದರೆ ಅರ್ಧಕ್ಕೇ ನಿಲ್ಲಿಸ್ತೀನಿ.

ನಿನ್ನ ಅಪ್ಪ