ಉಂಗುರಕ್ಕೆ ಒಪ್ಪಿಗೆ ಸಿಕ್ಕಿತು, ಜೊತೆ ನಿಂತವರಿಗೆ ವಂದನೆ

ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ನಮ್ಮ ಸಣ್ಣ ಕಾರ್ಖಾನೆಯಲ್ಲಿ ತಯಾರಾದ ಸ್ಪೇಸರ್ ಉಂಗುರಗಳ (ಎರಡು ಭಾಗಗಳ ನಡುವಿನ ಅಂತರ ಕಾಯುವ ಉಂಗುರಗಳ) ಮೊದಲ ಕಂತಿಗೆ ಈ ವಾರ ಒಪ್ಪಿಗೆ ಸಿಕ್ಕಿದೆ. ಅವು ಜಾಗ್ವಾರ್ ಯುದ್ಧವಿಮಾನದ ಅಡೋರ್ ಎಂಜಿನ್ನಿನೊಳಗೆ, ಟರ್ಬೈನಿನ ಬದಿಯಲ್ಲಿ ಕೂರುತ್ತವೆ. ಇದರಲ್ಲಿ ಪಾಲುಳ್ಳವರಿಗೆ ಎಲ್ಲರೆದುರು ಕೈಮುಗಿಯಬೇಕು ಅನ್ನಿಸಿತು.

ಜಾಗ್ವಾರ್ ನಮ್ಮ ವಾಯುಪಡೆಗೆ ಬಂದದ್ದು 1979ರಲ್ಲಿ. ಅದನ್ನು ಕಟ್ಟಿದ ಫ್ರಾನ್ಸ್ 2005ರಲ್ಲಿ, ಬ್ರಿಟನ್ 2007ರಲ್ಲಿ ಸೇವೆಯಿಂದ ಇಳಿಸಿದವು. ತವರಿನಲ್ಲೇ ಕೇಳುವವರಿಲ್ಲದ ವಿಮಾನಕ್ಕೆ ಬಿಡಿಭಾಗ ಹೊಂದಿಸುವುದು ಎಂಥ ಪಾಡೆಂದು ಈ ಕಸುಬಿನವರಿಗೆ ಗೊತ್ತು. ಅದಕ್ಕೇ ಅಂಗೈಯಗಲದ ಈ ಉಂಗುರ ನನಗೆ ಚಿಕ್ಕದಲ್ಲ.

ಈ ಉಂಗುರದ ಲೋಹ ಇಂಕೊನೆಲ್ 718, ಬಿಸಿ ತಾಳುವ ನಿಕ್ಕಲ್ ಮಿಶ್ರಲೋಹ; ಬಲು ಹಟಮಾರಿ. ಟೂಲ್ ಕತ್ತರಿಸದೆ ಬರಿದೇ ಉಜ್ಜಿದರೆ ಆ ಜಾಗ ಇನ್ನಷ್ಟು ಗಡುಸಾಗಿ, ಮುಂದಿನ ಸುತ್ತಿನಲ್ಲಿ ಟೂಲಿನ ಮೂತಿಯನ್ನೇ ಮುರಿಯುತ್ತದೆ. ಕೆಲಸದ ನಡುವೆ ಕರೆಂಟ್ ಹೋದರೆ ಆ ತುಂಡಿನ ಆಸೆ ಬಿಟ್ಟಂತೆಯೇ. ನಮ್ಮ ಭಾಗದ ಲೈನ್‌ಮನ್ ಫೀಡರ್ ಬಂದ್ ಮಾಡುವ ಮೊದಲು ತಪ್ಪದೆ ಫೋನ್ ಮಾಡುತ್ತಿದ್ದರು, ಸುರಿಯುವ ಮಳೆಯಲ್ಲಿ ಕಂಬದ ಬುಡದಲ್ಲಿ ನಿಂತಾಗಲೂ. ಹಾಗೆ ಮಾಡಲೇಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಹಳೆಯ ಗ್ರಾಹಕರೊಬ್ಬರು ಬಾಕಿ ತಡೆಹಿಡಿದ ತಿಂಗಳುಗಳಲ್ಲಿ ಪೀಣ್ಯದ ಅಂಗಡಿಯವರು ಟೂಲ್‌ಗಳನ್ನು ಸಾಲಕ್ಕೆ ಕೊಟ್ಟರು. ಶಿರಾ, ಕೊರಟಗೆರೆ ಕಡೆಯ ನಮ್ಮ ಹುಡುಗರು ಅರ್ಧ ಸಂಬಳದಲ್ಲೂ ಪಾಳಿ ತಪ್ಪಿಸಲಿಲ್ಲ. ಉಳಿದರ್ಧ ಈಗ ಪೂರ್ತಿ ಪಾವತಿಯಾಗಿದೆ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಿವೃತ್ತ ತಪಾಸಕರೊಬ್ಬರು ಬೆಂಗಳೂರಿನಿಂದ ರೈಲಿನಲ್ಲಿ ಬಂದು ದಾಖಲೆ ಇಡುವುದನ್ನು ಕಲಿಸಿದರು: ಕುಲುಮೆಯ ಹೀಟ್ ನಂಬರಿನಿಂದ (ಲೋಹ ಯಾವ ಎರಕದ್ದೆಂದು ಹೇಳುವ ಸಂಖ್ಯೆ) ಹಿಡಿದು ಯಾವ ಯಂತ್ರ, ಯಾರ ಕೈ ಎಂಬುವವರೆಗೆ ಪ್ರತಿ ಉಂಗುರದ ಜಾತಕವೂ ಕಾಗದದ ಮೇಲಿರಬೇಕು. ಟಿಕೆಟ್ ದುಡ್ಡನ್ನೂ ಅವರು ಮುಟ್ಟಲಿಲ್ಲ.

ಇನ್ನು, ತಪಾಸಣೆ ಮೇಜಿನ ನಮ್ಮ ಹೆಣ್ಣುಮಗಳು. ಮಧುಗಿರಿ ಕಡೆಯವರು, ಐಟಿಐ ಓದಿದವರು. ರವಾನೆಯ ವಾಹನ ಗೇಟಿನಲ್ಲಿ ನಿಂತಿದ್ದಾಗಲೂ ಒಂದು ಉಂಗುರವನ್ನು ಭೂತಗನ್ನಡಿಯಡಿ ಮತ್ತೆ ಮತ್ತೆ ತಿರುಗಿಸಿದರು. ಅಳತೆಗಳೆಲ್ಲ ಸರಿಯಿದ್ದವು, ಒಳ ಅಂಚಿನಲ್ಲಿ ಮಾತ್ರ ಕೂದಲೆಳೆಯಂಥ ಗೀರು. "ಬಿರುಕು ಹುಟ್ಟುವುದು ಇಂಥಲ್ಲೇ ಸರ್" ಎಂದವರೇ ಕೆಂಪು ಚೀಟಿ ಕಟ್ಟಿ ಬದಿಗಿಟ್ಟರು, ಇಡೀ ಪಟ್ಟಿಯನ್ನು ಹೊಸದಾಗಿ ಬರೆದರು. ವಾಹನ ಹೊರಟಾಗ ಸಂಜೆಯಾಗಿತ್ತು. ಮುಂದಿನ ತಿಂಗಳಿನಿಂದ ತಪಾಸಣೆ ವಿಭಾಗದ ಪೂರ್ಣ ಹೊಣೆ ಅವರದು. ರವಾನೆಗೆ ಕೊನೆಯ ಸಹಿಯೂ ಅವರದೇ, ನನ್ನದಲ್ಲ.