ಬೆಟ್ಟದ ರಕ್ಷಣಾ ತಂಡಗಳಿಗೆ ಒಂದು ಸಾಮಾನ್ಯ ವೈರ್‌ಲೆಸ್ ಚಾನೆಲ್ ಬೇಕು

ಮಾನ್ಯ ಸಂಪಾದಕರೇ,

ಮಳೆಗಾಲ ಹಿಡಿಯಿತೆಂದರೆ ಪುಣೆ ಸುತ್ತಲಿನ ಸಹ್ಯಾದ್ರಿಯಲ್ಲಿ ಕಾಲು ಜಾರಿ ಕಮರಿಗೆ ಬಿದ್ದವರ, ಹಳ್ಳದಲ್ಲಿ ಕೊಚ್ಚಿಹೋದವರ, ಮಂಜು ಕವಿದು ದಾರಿ ತಪ್ಪಿದವರ ಸುದ್ದಿ ಮೇಲಿಂದ ಮೇಲೆ ಬರುತ್ತದೆ. ಅಂಥ ಬಹುತೇಕ ಸುದ್ದಿಗಳ ಕೊನೆಯಲ್ಲಿ, ಸ್ಥಳೀಯ ಚಾರಣಿಗರ ಸ್ವಯಂಸೇವಾ ತಂಡವೊಂದು ಗಾಯಾಳುವನ್ನೋ ಶವವನ್ನೋ ಮೇಲಕ್ಕೆ ತಂದಿತು ಎಂಬ ಒಂದು ಸಾಲಿರುತ್ತದೆ. ಈ ತಂಡಗಳಲ್ಲಿರುವವರು ಹಿಂಜವಡಿಯ ಐಟಿ ಕಂಪನಿಗಳಲ್ಲಿ, ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳಲ್ಲಿ, ಶಾಲೆ-ಅಂಗಡಿಗಳಲ್ಲಿ ದುಡಿಯುತ್ತ, ಕರೆ ಬಂದಾಗ ರಜೆ ಹಾಕಿ ಓಡುವವರು. ಬೆಳಗಾವಿ, ವಿಜಯಪುರ, ಧಾರವಾಡದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಹುಡುಗರೂ ಅವರಲ್ಲಿದ್ದಾರೆ. ಅವರ ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ; ಹಗ್ಗ, ಸ್ಟ್ರೆಚರ್, ಹೆಲ್ಮೆಟ್ಟುಗಳಿಗೆ ದಾನಿಗಳೂ ಸಿಗುತ್ತಾರೆ. ಆದರೆ ಬಂಡೆಯ ಮೇಲಿರುವವನು ಕಮರಿಯ ತಳದಲ್ಲಿರುವವನೊಡನೆ ಮಾತನಾಡುವುದು ಯಾವುದರ ಮೂಲಕ ಎಂದು ಯಾರೂ ಕೇಳುವುದಿಲ್ಲವಾದ್ದರಿಂದ ಈ ಪತ್ರ.

ಅಂಥದೊಂದು ತಂಡದ ಜೊತೆ ಹೋಗಿ, ಬೆಟ್ಟದ ಬುಡದ ಶಿಬಿರದಲ್ಲಿ ಕುಳಿತು ವೈರ್‌ಲೆಸ್ ಸಂದೇಶಗಳನ್ನು ಬರೆದಿಡುವ ಕೆಲಸ ಮಾಡುತ್ತ ಬಂದವನು ನಾನು. ಸ್ಟ್ರೆಚರನ್ನು ಬಂಡೆಯ ಅಂಚಿನಿಂದ ಇಳಿಸುವಾಗ ಮೇಲೆ ಹಗ್ಗ ಹಿಡಿದವನಿಗೆ ಸ್ಟ್ರೆಚರ್ ಕಾಣುವುದಿಲ್ಲ. ಗಾಯಾಳುವಿನ ಪಕ್ಕದಲ್ಲೇ ಹಗ್ಗಕ್ಕೆ ಜೋತು ಇಳಿಯುವವನು 'ನಿಲ್ಲಿಸು' ಎಂದ ಮರುಕ್ಷಣ ಹಗ್ಗ ನಿಲ್ಲಬೇಕು. ಎರಡು ಸೆಕೆಂಡು ತಡವಾದರೂ ಗಾಯಾಳುವಿನ ತಲೆ ಮುಂಚಾಚಿದ ಕಲ್ಲಿಗೆ ಬಡಿಯಬಹುದು. ಪಕ್ಕದಲ್ಲಿ ನೀರು ಧುಮುಕುತ್ತಿದ್ದರೆ ಕೂಗು ಹತ್ತು ಅಡಿ ದಾಟುವುದಿಲ್ಲ, ಶಿಳ್ಳೆ ಕೇಳಿಸಿದರೂ ಎಷ್ಟು ಸಲ ಊದಿದರೆಂದು ತಿಳಿಯುವುದಿಲ್ಲ. ಸೊಂಟದಲ್ಲಿರುವ ವಾಕಿಟಾಕಿಯನ್ನು ತೆಗೆದು, ಗುಂಡಿ ಹುಡುಕಿ ಒತ್ತುವಷ್ಟು ಬಿಡುವು ಹಗ್ಗಕ್ಕೆ ಜೋತು ಇಳಿಯುವವನ ಕೈಗಳಿಗೆ ಇರುವುದಿಲ್ಲ. ಮಾತಿನ ಸದ್ದಿಗೆ ತಾನಾಗಿಯೇ ಚಾಲೂ ಆಗುವ ಸೌಲಭ್ಯ ಕೆಲವು ಸೆಟ್‌ಗಳಲ್ಲಿದೆಯಾದರೂ, ಅದು ಜಲಪಾತದ ಸದ್ದಿಗೇ ಚಾಲೂ ಆಗಿ ಚಾನೆಲನ್ನು ತುಂಬಿಕೊಂಡು ಕೂರುತ್ತದೆ, ಆಮೇಲೆ ಬೇರಾರೂ ಮಾತನಾಡುವಂತಿಲ್ಲ. ಇಲ್ಲಿ ಕೆಲಸಕ್ಕೆ ಬರುವುದು ಹೆಗಲ ಪಟ್ಟಿಗೆ ಸಿಕ್ಕಿಸುವ, ನೀರಿಗೆ ಜಗ್ಗದ ಸ್ಪೀಕರ್-ಮೈಕು. ಸೆಟ್ಟಿನ ಬೆಲೆಗೆ ಹೋಲಿಸಿದರೆ ಅದೇನೂ ದೊಡ್ಡದಲ್ಲ, ಆದರೂ ದಾನ ಕೊಡುವವರ ಪಟ್ಟಿಯಲ್ಲಿ ಅದು ಇದ್ದದ್ದನ್ನು ನಾನು ಕಂಡಿಲ್ಲ.

ಮೊಬೈಲ್ ಇದೆಯಲ್ಲ ಎನ್ನುವವರು 2023ರ ಜುಲೈ 19ರ ರಾತ್ರಿ ರಾಯಗಡ ಜಿಲ್ಲೆಯ ಇರ್ಶಾಳವಾಡಿಯ ಮೇಲೆ ಗುಡ್ಡ ಕುಸಿದದ್ದನ್ನು ನೆನೆಯಬೇಕು. ಆ ವಾಡಿಗೆ ವಾಹನ ಹೋಗುವ ರಸ್ತೆಯಿರಲಿಲ್ಲ; ರಕ್ಷಕರು ಮಳೆಯಲ್ಲಿ ಕೆಸರಿನ ಕಾಲುದಾರಿ ಹತ್ತಿ ಹೋಗಬೇಕಾಯಿತು, ಮಣ್ಣು ತೆಗೆಯುವ ಯಂತ್ರಗಳು ಕೆಳಗೇ ಉಳಿದವು. 2018ರ ಜುಲೈನಲ್ಲಿ ಆಂಬೇನಳಿ ಘಾಟಿನಲ್ಲಿ ದಾಪೋಲಿಯ ಕೃಷಿ ವಿಶ್ವವಿದ್ಯಾಲಯದ ನೌಕರರಿದ್ದ ಬಸ್ಸು ಕಮರಿಗೆ ಉರುಳಿದಾಗ, ಬದುಕುಳಿದ ಒಬ್ಬರೇ ಒಬ್ಬರು ಮೇಲೆ ಹತ್ತಿ ಬಂದು ತಿಳಿಸಿದ ನಂತರವೇ ವಿಷಯ ಹೊರಗೆ ಗೊತ್ತಾಯಿತು. ನಮ್ಮದೇ ಜಿಲ್ಲೆಯ ಆಂಬೇಗಾಂವ್ ತಾಲ್ಲೂಕಿನ ಮಾಳೀಣ ಗ್ರಾಮ 2014ರ ಜುಲೈ 30ರಂದು ಮಣ್ಣಿನಡಿ ಹೋದ ಸಂಗತಿಯನ್ನು ಮೊದಲು ಗಮನಿಸಿದ್ದು ಆ ದಾರಿಯಲ್ಲಿ ಬಂದ ಸರ್ಕಾರಿ ಬಸ್ಸಿನ ಚಾಲಕ. ಇಂಥ ದುರ್ಗಮ ಜಾಗಗಳಲ್ಲಿ ಮೊಬೈಲ್ ಸಿಗ್ನಲ್ಲನ್ನು ನಂಬಿ ಕೂರುವಂತಿಲ್ಲ. ಸಿಗ್ನಲ್ ಸಿಗುವ ಜಾಗದಲ್ಲೂ ಮೊಬೈಲಿನಲ್ಲಿ ಒಬ್ಬ ಇನ್ನೊಬ್ಬನೊಡನೆ ಮಾತ್ರ ಮಾತನಾಡುತ್ತಾನೆ. ಹುಡುಕಾಟದಲ್ಲಿ ಒಬ್ಬ ಹೇಳಿದ್ದು ಏಕಕಾಲಕ್ಕೆ ಇಪ್ಪತ್ತು ಜನಕ್ಕೆ ಕೇಳಬೇಕು. ಸ್ಯಾಟಲೈಟ್ ಫೋನಿನಂಥ ಸಂಪರ್ಕ ಸಾಧನಗಳ ಮಾತಂತೂ ಬೇಡ. ನಮ್ಮಲ್ಲಿ ಅವನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದೇ ಅಪರಾಧ, ಅರಿಯದೆ ತಂದ ವಿದೇಶಿ ಪ್ರವಾಸಿಗರು ಗೋವಾ ವಿಮಾನ ನಿಲ್ದಾಣದಲ್ಲಿ ಪೊಲೀಸರ ಕೈಗೆ ಸಿಕ್ಕಿದ್ದೂ ಇದೆ.

ಇನ್ನು ವಾಕಿಟಾಕಿಗಳ ವಿಚಾರ. 2018ರ ನಿಯಮಗಳ ಪ್ರಕಾರ 446.0ರಿಂದ 446.2 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ, ಅರ್ಧ ವಾಟಿನ ಕೈ ಸೆಟ್‌ಗಳಿಗೆ ಪರವಾನಗಿ ಬೇಕಿಲ್ಲ. ಮದುವೆ ಮಂಟಪಕ್ಕೆ, ಗಣೇಶೋತ್ಸವದ ಮೆರವಣಿಗೆಗೆ ಅವು ಧಾರಾಳ ಸಾಕು. ಅವುಗಳ ಆಂಟೆನಾ ಸೆಟ್ಟಿಗೇ ಅಂಟಿಕೊಂಡಿರುವುದರಿಂದ ಬದಲಿಸುವಂತಿಲ್ಲ. ಸಹ್ಯಾದ್ರಿಯ ಕಾಡು ತುಂಬಿದ ಕಮರಿಯಲ್ಲಿ ಒಂದು ತಿರುವು ದಾಟಿದರೆ ಸದ್ದಡಗುತ್ತವೆ. ಹೆಚ್ಚು ಶಕ್ತಿಯ ಸೆಟ್‌ಗಳನ್ನು ಆನ್‌ಲೈನ್ ಅಂಗಡಿಗಳು ಪರವಾನಗಿಯ ಸೊಲ್ಲೆತ್ತದೆ ಮಾರುತ್ತಿದ್ದುದಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ನೋಟಿಸು ಕೊಟ್ಟು, ಮಾರ್ಗಸೂಚಿಯನ್ನೂ ಹೊರಡಿಸಿತು. ಅದು ಸರಿಯಾದ ಕ್ರಮವೇ. ಹಿಂದೊಮ್ಮೆ ಒಂದು ಸಂಸ್ಥೆ ನಮ್ಮ ತಂಡಕ್ಕೆ ಹಾರ-ತುರಾಯಿ ಸಮೇತ ಕೊಟ್ಟ ಸೆಟ್‌ಗಳು ಇದೇ ಜಾತಿಯವು. ಫೋಟೋಗೆ ಚೆನ್ನಾಗಿದ್ದವು, ಬಳಸಿದ್ದರೆ ಕಾನೂನು ಮುರಿದಂತಾಗುತ್ತಿತ್ತು, ಆದ್ದರಿಂದ ಕಪಾಟಿನಲ್ಲಿವೆ.

ಬೆಟ್ಟಕ್ಕೆ ಒಗ್ಗುವುದು ಐದು ವಾಟಿನ ವಿಎಚ್‌ಎಫ್ (ಅತ್ಯುಚ್ಚ ಆವರ್ತನದ) ಸೆಟ್ಟು. ಅದೂ ಕರಿಗಲ್ಲಿನ ದಿಬ್ಬವನ್ನು ತೂರಿ ಹೋಗುವುದಿಲ್ಲ. ಎರಡು ಕಡೆಯೂ ಕಾಣುವ ಬೆಟ್ಟದ ನೆತ್ತಿಯ ಮೇಲೆ ಒಬ್ಬನನ್ನು ಕೂರಿಸಿ, ಅವನ ಬಾಯಿಂದ ಸಂದೇಶ ದಾಟಿಸಬೇಕಾಗುತ್ತದೆ. ಆರೇಳು ಗಂಟೆ ಮಳೆಗಾಳಿಯಲ್ಲಿ ಕದಲದೆ ಕೂತಿದ್ದು, ಇನ್ನೊಬ್ಬರ ಮಾತನ್ನು ಒಂದಕ್ಷರ ತಪ್ಪದೆ ಆಚೆಗೆ ಹೇಳುವ ಆ ಮನುಷ್ಯನ ಹೆಸರು ಯಾವ ವರದಿಯಲ್ಲೂ ಬರುವುದಿಲ್ಲ. ಎತ್ತರದಲ್ಲಿ ಒಂದು ರಿಪೀಟರ್, ಅಂದರೆ ಸಂದೇಶವನ್ನು ಹಿಡಿದು ತಾನಾಗಿಯೇ ಮರುಪ್ರಸಾರ ಮಾಡುವ ಯಂತ್ರ, ಇದ್ದರೆ ಅವನ ಹೊರೆ ಬಹಳಷ್ಟು ಇಳಿಯುತ್ತದೆ. ಪುಣೆ ಬಳಿಯ ಸಿಂಹಗಡ ಕೋಟೆಯ ಮೇಲೆ ಟಿವಿ ಗೋಪುರ ನಿಂತು ದಶಕಗಳಾದವು, ವಿದ್ಯುತ್ತೂ ಕಾವಲೂ ಅಲ್ಲಿ ಇದ್ದೇ ಇವೆ.

ಸೆಟ್ಟಿಗೆ ಹಣ ಹೊಂದಿಸಬಹುದು, ಕಷ್ಟವಿರುವುದು ಅನುಮತಿಯಲ್ಲಿ. ತರಂಗಾಂತರದ ಹಂಚಿಕೆಯೂ ಪರವಾನಗಿಯೂ ದಿಲ್ಲಿಯ ದೂರಸಂಪರ್ಕ ಇಲಾಖೆಯಿಂದ ಬರಬೇಕು. ಸಂಜೆ ಕೆಲಸ ಮುಗಿಸಿ ಬಂದು ಅರ್ಜಿ ತುಂಬುವ ಸ್ವಯಂಸೇವಕರಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಒಂದೊಂದು ತಂಡವೂ ತನ್ನದೇ ಪರವಾನಗಿ ಪಡೆದರೂ ಕೆಲಸ ಕೆಡುತ್ತದೆ, ಏಕೆಂದರೆ ಆಗ ಒಬ್ಬರ ಚಾನೆಲ್ ಇನ್ನೊಬ್ಬರಿಗೆ ಕೇಳುವುದಿಲ್ಲ. ಉದಾಹರಣೆಗೆ ಹರಿಶ್ಚಂದ್ರಗಡ ಕೋಟೆ ಪುಣೆ, ಠಾಣೆ, ಅಹಿಲ್ಯಾನಗರ (ಹಿಂದಿನ ಅಹ್ಮದ್‌ನಗರ) ಜಿಲ್ಲೆಗಳು ಸೇರುವಲ್ಲಿದೆ. ಅಲ್ಲಿನ ಕಡಿದಾದ ಬಂಡೆ ಕೊಂಕಣಕಡಾದ ಅಂಚಿನಲ್ಲಿ ಹಗ್ಗ ಕಟ್ಟುವ ತಂಡ ಒಂದು ಜಿಲ್ಲೆಯಲ್ಲಿ, ಕೆಳಗೆ ಬೇಲಪಾಡಾ ಹಳ್ಳಿಯಿಂದ ಬರುವ ತಂಡ ಇನ್ನೊಂದು ಜಿಲ್ಲೆಯಲ್ಲಿ, ಪೊಲೀಸರ ವೈರ್‌ಲೆಸ್ ಎರಡೂ ಕಡೆ ಬೇರೆ ಬೇರೆ. ತಳೇಗಾಂವ್ ಬಳಿಯ ಸುದುಂಬರೆಯಲ್ಲಿ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ (ಎನ್‌ಡಿಆರ್‌ಎಫ್) 5ನೇ ಬೆಟಾಲಿಯನ್ ಇದ್ದರೂ, ಅವರ ಸೆಟ್ಟಿನ ಮಾತು ನಮಗೆ, ನಮ್ಮದು ಅವರಿಗೆ ಕೇಳುವ ವ್ಯವಸ್ಥೆಯಿಲ್ಲದಿದ್ದರೆ ಓಡಿಹೋಗಿ ಹೇಳಿಬರುವುದೇ ಗತಿ.

2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ನೇತೃತ್ವದ ಪ್ರಾಧಿಕಾರವಿದೆ. ಪರವಾನಗಿಯನ್ನು ಆ ಪ್ರಾಧಿಕಾರವೇ ತನ್ನ ಹೆಸರಿನಲ್ಲಿ ಪಡೆದು, ನೋಂದಾಯಿತ ತಂಡಗಳಿಗೆ ಸೆಟ್‌ಗಳನ್ನು ಲೆಕ್ಕವಿಟ್ಟು ಕೊಡಲಿ. ಘಟ್ಟದ ಜಿಲ್ಲೆಗಳಿಗೆಲ್ಲ ರಕ್ಷಣಾ ಕಾರ್ಯಕ್ಕೇ ಮೀಸಲಾದ ಒಂದೇ ತರಂಗಾಂತರವಿರಲಿ ಎಂಬುದು ನನ್ನ ಕೋರಿಕೆ. ವಿಪತ್ತಿನಲ್ಲಿ ನೆರವಾಗಲು ಜನರಿಗೆ ತರಬೇತಿ ಕೊಡುವ ಸರ್ಕಾರದ 'ಆಪದಾ ಮಿತ್ರ' ಯೋಜನೆಯ ಸ್ವಯಂಸೇವಕರಿಗೆ ಕೊಡುವ ಕಿಟ್ಟಿನಲ್ಲಿ ಲೈಫ್ ಜಾಕೆಟ್, ಟಾರ್ಚ್, ಶಿಳ್ಳೆ, ಗಮ್‌ಬೂಟುಗಳಿವೆ, ವೈರ್‌ಲೆಸ್ ಸೆಟ್ ಇಲ್ಲ. ಪ್ರತಿಯೊಬ್ಬರಿಗೂ ಬೇಡ, ತಂಡಕ್ಕೆ ಐದಾರು ಸಾಕು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿಯನ್ನು ವಿಪತ್ತು ನಿರ್ವಹಣೆಗೆ ಬಳಸಲು ಕಂಪನಿ ಕಾಯ್ದೆಯಲ್ಲೇ ಅವಕಾಶವಿದೆ. ಕೊಡುವವರು ದಯವಿಟ್ಟು ಸೆಟ್ಟಿಗೊಂದರಂತೆ ಹೆಚ್ಚುವರಿ ಬ್ಯಾಟರಿ, ಸ್ಪೀಕರ್-ಮೈಕು, ಉದ್ದನೆಯ ಆಂಟೆನಾಗಳನ್ನೂ ಸೇರಿಸಿ ಕೊಡಲಿ. ರಾತ್ರಿಯಿಡೀ ನಡೆಯುವ ಹುಡುಕಾಟದಲ್ಲಿ ಬೆಳಗಿನ ಜಾವಕ್ಕೆ ಮೊದಲು ಕೈಕೊಡುವುದು ಬ್ಯಾಟರಿ.

ಅನುಮತಿ ಬರುವವರೆಗೆ ಸುಮ್ಮನೆ ಕೂರಬೇಕಿಲ್ಲ. ಹವ್ಯಾಸಿ ರೇಡಿಯೊ, ಅಂದರೆ ಹ್ಯಾಮ್ ಪರೀಕ್ಷೆಯನ್ನು 12 ವರ್ಷ ತುಂಬಿದ ಯಾರೂ ಬರೆಯಬಹುದು, ಕೆಳಗಿನ ದರ್ಜೆಗೆ ಮೋರ್ಸ್ (ಚುಕ್ಕೆ-ಗೆರೆಗಳ ಸಂಕೇತ ಭಾಷೆ) ಕಲಿಯುವ ಅಗತ್ಯವೂ ಇಲ್ಲ. 2001ರ ಭುಜ್ ಭೂಕಂಪ, 2004ರ ಸುನಾಮಿಗಳಲ್ಲಿ ಬೇರೆಲ್ಲ ಸಂಪರ್ಕ ಕಡಿದಾಗ ಹ್ಯಾಮ್‌ಗಳೇ ಸುದ್ದಿ ಮುಟ್ಟಿಸಿದರು. ಇದಕ್ಕೂ ಮಿತಿಯಿದೆ: ಪರವಾನಗಿ ವ್ಯಕ್ತಿಗೆ ಸೇರಿದ್ದು, ತನ್ನ ಸೆಟ್ಟನ್ನು ಪರವಾನಗಿಯಿಲ್ಲದವನ ಕೈಗೆ ಕೊಟ್ಟು ಕಮರಿಗೆ ಇಳಿಸುವಂತಿಲ್ಲ. ಆದರೂ ತಂಡದಲ್ಲಿ ಇಬ್ಬರು ಮೂವರು ಹ್ಯಾಮ್‌ಗಳಿದ್ದರೆ ಬೆಟ್ಟದ ನೆತ್ತಿಯ ಮೇಲೆ ಕೂರುವವನಿಗೂ ಬುಡದ ಶಿಬಿರಕ್ಕೂ ಕಾನೂನುಬದ್ಧ ಸಂಪರ್ಕವಾದರೂ ಸಿಗುತ್ತದೆ. ಬೆಂಗಳೂರಿನಲ್ಲಿ ಹ್ಯಾಮ್ ತರಬೇತಿಯ ಹಳೆಯ ಪರಂಪರೆಯಿದೆ. ಪುಣೆಯ ಕನ್ನಡ ಸಂಘಗಳು ಅಲ್ಲಿಂದ ಬೋಧಕರನ್ನು ಕರೆಸಿ ವಾರಾಂತ್ಯದ ತರಗತಿ ನಡೆಸಿದರೆ ರಾಜ್ಯೋತ್ಸವದ ಆರ್ಕೆಸ್ಟ್ರಾಕ್ಕಿಂತ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಕಂಡ ಕರ್ನಾಟಕದ ಓದುಗರಿಗೂ ಇದು ಪರರ ವಿಷಯವಲ್ಲ.

ಪುಣೆ, ರಾಯಗಡ, ಸಾತಾರಾ, ಠಾಣೆ, ಅಹಿಲ್ಯಾನಗರದ ಜಿಲ್ಲಾಧಿಕಾರಿಗಳು ಮುಂದಿನ ಜೂನ್‌ಗೆ ಮೊದಲು ಸ್ವಯಂಸೇವಾ ತಂಡಗಳನ್ನು ಒಟ್ಟಿಗೆ ಕರೆದು ಈ ಚಾನೆಲ್ಲಿನ ವಿಷಯ ಇತ್ಯರ್ಥ ಮಾಡಲಿ. ಆಮೇಲೆ ತಿಂಗಳಿಗೊಂದು ಭಾನುವಾರ ಬೆಟ್ಟದಲ್ಲೇ ವೈರ್‌ಲೆಸ್ ಅಭ್ಯಾಸ ನಡೆಯಲಿ, ಅದಕ್ಕೆ ಪೊಲೀಸರೂ ಅರಣ್ಯ ಇಲಾಖೆಯವರೂ ತಮ್ಮ ತಮ್ಮ ಸೆಟ್‌ಗಳನ್ನು ಹಿಡಿದು ಬರಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಕೋಥ್ರೂಡ್, ಪುಣೆ